ಗಿಟಾರ್ ಕಲಿಕೆಯಲ್ಲಿ ಮುದ್ರಣ, ಹಿಮ್ಮಾಹಿತಿ ಮತ್ತು ಕೈಯ ಆರೋಗ್ಯ

2005ರ ಕೊನೆಯ ತಿಂಗಳುಗಳಲ್ಲಿ ದಕ್ಷಿಣ ಕೊರಿಯಾದ ಲಿಮ್ ಜಿಯಾಂಗ್-ಹ್ಯುನ್ ಎಂಬ ತರುಣರೊಬ್ಬರು ತಮ್ಮ ಕೋಣೆಯಲ್ಲಿ ಕುಳಿತು ವಿದ್ಯುತ್ ಗಿಟಾರ್ ನುಡಿಸಿದ ದೃಶ್ಯಮುದ್ರಿಕೆಯೊಂದನ್ನು ತಮ್ಮ ದೇಶದ ಸಂಗೀತ ಜಾಲತಾಣವೊಂದಕ್ಕೆ ಏರಿಸಿದರು. ಅವರು ನುಡಿಸಿದ್ದು ಹದಿನೇಳನೆಯ ಶತಮಾನದ ಜರ್ಮನ್ ಸಂಗೀತಕಾರ ಯೋಹಾನ್ ಪಾಖೆಲ್‌ಬೆಲ್‌ನ ಪ್ರಸಿದ್ಧ ‘ಕ್ಯಾನನ್’ ಕೃತಿಯನ್ನು. ಅದನ್ನು ರಾಕ್ ಶೈಲಿಗೆ ಒಗ್ಗಿಸಿದ್ದವರು ತೈವಾನಿನ ಜೆರ್ರಿ ಚಾಂಗ್ ಎಂಬ ವಾದಕರು. ಮುದ್ರಿಕೆಯಲ್ಲಿ ಲಿಮ್ ಅವರ ಮುಖವನ್ನು ಟೋಪಿ ಮರೆಮಾಡಿತ್ತು. ಹಿಂದಿನ ಕಿಟಕಿಯ ಬೆಳಕಿನಲ್ಲಿ ಎದ್ದು ಕಾಣುತ್ತಿದ್ದುದು ಗಿಟಾರ್ ಮತ್ತು ಎರಡು ಕೈಗಳು. ಬೇರೆ ಯಾರೋ ಅದನ್ನು ಆಗಷ್ಟೇ ಹುಟ್ಟಿದ್ದ ಯೂಟ್ಯೂಬಿಗೆ ಹಾಕಿದರು. ಲಕ್ಷಾಂತರ ಜನ ಅದನ್ನು ನೋಡಿ ಬೆರಗಾದರು, ಕೆಲವರು ಅದು ಮೋಸವೆಂದೂ ಜಗಳ ತೆಗೆದರು. 2006ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಲೇಖಕಿ ವರ್ಜೀನಿಯಾ ಹೆಫರ್ನನ್ ಆ ಅನಾಮಿಕ ವಾದಕ ಯಾರೆಂಬುದನ್ನು ಲೋಕಕ್ಕೆ ತಿಳಿಸಿದರು. ಆಗ ಲಿಮ್ ಅವರು ಹೇಳಿದ ಕಾರಣ ಬಹಳ ಸರಳವಾಗಿತ್ತು: ತಮ್ಮ ವಾದನದ ಬಗ್ಗೆ ಇತರರ ಸಲಹೆಗಳನ್ನು ಕೇಳುವುದೇ ಆ ಮುದ್ರಣದ ಮುಖ್ಯ ಉದ್ದೇಶ. ತಾವಿನ್ನೂ ಸುಧಾರಿಸಬೇಕಾದದ್ದು ಬಹಳ ಇದೆ ಎಂದೂ ಅವರು ಸೇರಿಸಿದ್ದರು.

ಕೀರ್ತಿಗಾಗಿ ಅಲ್ಲದೆ ತಿದ್ದಿಕೊಳ್ಳುವುದಕ್ಕಾಗಿ ವಾದನವನ್ನು ಹಂಚಿಕೊಳ್ಳುವ ಈ ಪದ್ಧತಿ ಇಂದು ಮನೆಮನೆಗೂ ಬಂದಿದೆ. ಹೊರದೇಶದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಇದೆ: ಗುರುಗಳು ಬೆಂಗಳೂರಿನಲ್ಲಿ ಇರುತ್ತಾರೆ, ಶಿಷ್ಯರು ಡಲ್ಲಾಸಿನಲ್ಲಿಯೋ ದುಬೈಯಲ್ಲಿಯೋ ಇರುತ್ತಾರೆ. ಮಕ್ಕಳಷ್ಟೇ ಅಲ್ಲ, ಐವತ್ತು ದಾಟಿದ ಮೇಲೆ ಗಿಟಾರ್ ಕೈಗೆತ್ತಿಕೊಂಡವರೂ ಸಾಕಷ್ಟು ಮಂದಿ ಇದ್ದಾರೆ. ಈ ಲೇಖಕನೂ ಅವರಲ್ಲೊಬ್ಬ. ಮುದ್ರಿಸಿಕೊಂಡು, ಇತರರಿಗೆ ಕೇಳಿಸಿ, ಅವರ ಮಾತನ್ನು ಕೇಳಿ, ಮತ್ತೆ ಅಭ್ಯಾಸಕ್ಕೆ ಕೂರುವ ಈ ಚಕ್ರದಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಎಲ್ಲಿ ಅಪಾಯವಿದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ವೈದ್ಯನಾದ್ದರಿಂದ ಕೊನೆಯ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ವಾದಕನಿಗೇ ಕೇಳಿಸದ ವಾದನ

ಮೊದಲ ಬಾರಿ ತಮ್ಮ ವಾದನದ ಮುದ್ರಣವನ್ನು ಕೇಳಿದವರೆಲ್ಲ ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಇದು ನಾನು ನುಡಿಸಿದ್ದಲ್ಲ.’ ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಭೌತಿಕವಾದದ್ದು. ಗಿಟಾರಿನ ನಾದ ಅದರ ಮುಂಭಾಗದ ಮರದ ಹಲಗೆಯಿಂದಲೂ ನಡುವಿನ ರಂಧ್ರದಿಂದಲೂ ಮುಂದಕ್ಕೆ ಹೊಮ್ಮುತ್ತದೆ, ಆದರೆ ನುಡಿಸುವವನು ಕೂರುವುದು ಅದರ ಹಿಂದೆ. ತಾರ ಸ್ಥಾಯಿಯ ತೀಕ್ಷ್ಣ ನಾದಗಳು ಮಂದ್ರದ ನಾದಗಳಿಗಿಂತ ಹೆಚ್ಚು ನೇರವಾಗಿ ಸಾಗುವುದರಿಂದ, ತಂತಿಯ ಮೇಲೆ ಬೆರಳು ಜಾರುವ ಕಿರುಗುಟ್ಟುವಿಕೆ, ಸರಿಯಾಗಿ ಒತ್ತದ ತಂತಿಯ ಝರಝರ ಇವೆಲ್ಲ ಎದುರಿಗಿರುವವರಿಗೆ ನಮಗಿಂತ ಸ್ಪಷ್ಟವಾಗಿ ಕೇಳಿಸುತ್ತವೆ.

ಎರಡನೆಯ ಕಾರಣ ಮಿದುಳಿಗೆ ಸಂಬಂಧಿಸಿದ್ದು, ಮತ್ತು ಹೆಚ್ಚು ಕುತೂಹಲಕಾರಿಯಾದದ್ದು. ಕೈಗೆ ಆಜ್ಞೆ ಕೊಡುವಾಗಲೇ ಮಿದುಳು ಅದರಿಂದ ಬರಬೇಕಾದ ಫಲವನ್ನೂ ಊಹಿಸಿಕೊಳ್ಳುತ್ತದೆ. ತಾನೇ ಉಂಟುಮಾಡಿದ ಶಬ್ದಕ್ಕೆ ಶ್ರವಣಕೇಂದ್ರ ತೋರುವ ಪ್ರತಿಕ್ರಿಯೆ, ಹೊರಗಿನಿಂದ ಬಂದ ಅದೇ ಶಬ್ದಕ್ಕೆ ತೋರುವುದಕ್ಕಿಂತ ಕ್ಷೀಣವಾಗಿರುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಅದರ ಮೇಲೆ ಗಮನದ ಪ್ರಶ್ನೆಯೂ ಇದೆ: ಮುಂದಿನ ಸ್ವರಗುಚ್ಛಕ್ಕೆ ಬೆರಳು ಜೋಡಿಸುವುದರಲ್ಲಿ ಮುಳುಗಿದವನಿಗೆ ಹಿಂದಿನದು ಹೇಗೆ ಬಂತೆಂದು ಕೇಳಿಸಿಕೊಳ್ಳಲು ಬಿಡುವೇ ಇರುವುದಿಲ್ಲ. ಹೀಗಾಗಿ ನುಡಿಸುತ್ತಿರುವಾಗ ನಾವು ಬಹುಮಟ್ಟಿಗೆ ಕೇಳುವುದು ನುಡಿಸಬೇಕೆಂದುಕೊಂಡದ್ದನ್ನು. ಲಯದ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಕಷ್ಟದ ಜಾಗದಲ್ಲಿ ಕಾಲ ಎಳೆಯುವುದು, ಸುಲಭದ ಜಾಗದಲ್ಲಿ ಓಡುವುದು ಆರಂಭಿಕರೆಲ್ಲರಲ್ಲೂ ಇರುವ ದೋಷ. ನುಡಿಸುತ್ತಿರುವವನಿಗೆ ಅದು ಸಮವಾಗಿಯೇ ತೋರುತ್ತದೆ.

ಆದ್ದರಿಂದ ಮುದ್ರಣವನ್ನು ಯಾರಿಗೂ ಕಳಿಸದೆ ಒಂದು ದಿನ ಬಿಟ್ಟು ತಾನೇ ಕೇಳಿದರೂ ಅರ್ಧ ಪ್ರಯೋಜನ ಸಿಕ್ಕಿತೆಂದೇ ನನ್ನ ಅಭಿಪ್ರಾಯ. ಸಾಧನದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಾಮಾನ್ಯ ಫೋನ್ ಸಾಕು. ಅದನ್ನು ಗಿಟಾರಿನಿಂದ ಒಂದು ಮೀಟರ್ ಆಚೆ, ರಂಧ್ರಕ್ಕೆ ನೇರ ಎದುರಾಗಿ ಅಲ್ಲದೆ ಕುತ್ತಿಗೆ ಮತ್ತು ಒಡಲು ಸೇರುವ ಕಡೆಗೆ ಮುಖ ಮಾಡಿ ಇಟ್ಟರೆ ಮಂದ್ರದ ಗುಂಯ್‌ಗುಡುವಿಕೆ ತಗ್ಗುತ್ತದೆ. ಎರಡೂ ಕೈಗಳು ಮಣಿಕಟ್ಟು ಸಹಿತ ಚೌಕಟ್ಟಿನೊಳಗೆ ಇರಬೇಕು. ಮುಖ ಕಾಣದಿದ್ದರೆ ಚಿಂತೆಯಿಲ್ಲ, ಭುಜಗಳು ಕಾಣಬೇಕು. ಕಾರಣ ಮುಂದೆ ತಿಳಿಯುತ್ತದೆ.

ಯಾವ ಮಾತು ಉಪಯೋಗಕ್ಕೆ ಬರುತ್ತದೆ

ಹಿಮ್ಮಾಹಿತಿ, ಅಂದರೆ ಫೀಡ್‌ಬ್ಯಾಕ್, ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ವ್ಯಾಪಕವಾಗಿದೆ. ಸಂಶೋಧನೆ ಅದನ್ನು ಬೆಂಬಲಿಸುವುದಿಲ್ಲ. 1996ರಲ್ಲಿ ಅವ್ರಹಾಮ್ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ ಎಂಬ ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಅಧ್ಯಯನಗಳ 600ಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಹಿಮ್ಮಾಹಿತಿಯಿಂದ ಲಾಭವಿತ್ತು, ನಿಜ. ಆದರೆ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನ ಸಂದರ್ಭಗಳಲ್ಲಿ ಅದು ಸಾಧನೆಯನ್ನು ಕುಗ್ಗಿಸಿತ್ತು. ಅವರ ವಿವರಣೆಯ ತಿರುಳು ಇಷ್ಟು: ಮಾತು ಕೆಲಸದಿಂದ ಸರಿದು ವ್ಯಕ್ತಿಯ ಕಡೆಗೆ ತಿರುಗಿದಾಗ ಅದರ ಫಲ ಕಡಿಮೆಯಾಗುತ್ತದೆ. ಬೈಗುಳಕ್ಕೆ ಮಾತ್ರವಲ್ಲ, ಹೊಗಳಿಕೆಗೂ ಇದು ಅನ್ವಯಿಸುತ್ತದೆ. ‘ಅದ್ಭುತವಾಗಿ ನುಡಿಸಿದ್ದೀರಿ’ ಎಂಬುದರಿಂದ ಕೈ ಕಲಿಯುವುದೇನೂ ಇಲ್ಲ. ‘ಎರಡನೆಯ ಸಾಲಿನಲ್ಲಿ ಎಫ್ ಸ್ವರಗುಚ್ಛಕ್ಕೆ ಬರುವ ಮುಂಚೆ ಪ್ರತಿ ಸಲವೂ ತಾಳ ಅರ್ಧ ಎಣಿಕೆ ನಿಲ್ಲುತ್ತಿದೆ’ ಎಂಬುದರಿಂದ ಕಲಿಯುತ್ತದೆ. ನಮ್ಮ ಕನ್ನಡ ಕೂಟಗಳ ವಾಟ್ಸಾಪ್ ಗುಂಪುಗಳಲ್ಲಿ ಮೊದಲನೆಯ ಬಗೆಯ ಮಾತು ಹೇರಳವಾಗಿ ಸಿಗುತ್ತದೆ. ಸೌಜನ್ಯಕ್ಕೆ ಅದು ಬೇಕು, ಆದರೆ ಅದನ್ನು ಕಲಿಕೆಯೆಂದು ಎಣಿಸಬಾರದು.

ಇದಕ್ಕೆ ಪರಿಹಾರ ಬಹುಮಟ್ಟಿಗೆ ಕೇಳುವವನ ಕೈಯಲ್ಲಿದೆ. ಐದು ನಿಮಿಷದ ಕೃತಿಯನ್ನು ಕಳಿಸಿ ‘ಹೇಗಿದೆ?’ ಎಂದರೆ ಬರುವ ಉತ್ತರವೂ ಅಷ್ಟೇ ಸಡಿಲವಾಗಿರುತ್ತದೆ. ಅರ್ಧ ನಿಮಿಷದ ತುಣುಕನ್ನು ಕಳಿಸಿ, ಮೆಟ್ರೋನೋಮಿನ ವೇಗ ಎಷ್ಟಿತ್ತೆಂದು ತಿಳಿಸಿ, ‘ಕಿರುಬೆರಳು ತಂತಿಯಿಂದ ಬಹಳ ದೂರ ಏಳುತ್ತಿದೆಯೇ?’ ಎಂದು ಕೇಳಿದರೆ ಬಲ್ಲವರು ಖಂಡಿತವಾಗಿ ಉತ್ತರಿಸುತ್ತಾರೆ. ವಿವರಿಸಲು ಬಾರದವರ ಒಂದು ಮಾತಿಗೂ ಬೆಲೆಯಿದೆ: ಸಂಗೀತ ತಿಳಿಯದವರು ‘ಇಲ್ಲಿ ಏನೋ ಎಡವಿದಂತಾಯಿತು’ ಎಂದರೆ ಜಾಗ ಸಾಮಾನ್ಯವಾಗಿ ಸರಿಯಾಗಿರುತ್ತದೆ, ಕಾರಣವನ್ನು ನಾವು ಹುಡುಕಿಕೊಳ್ಳಬೇಕು. ರೋಗಿ ನೋವಿನ ಜಾಗ ತೋರಿಸುವುದಕ್ಕೂ ರೋಗನಿದಾನಕ್ಕೂ ಇರುವ ವ್ಯತ್ಯಾಸವೇ ಇದು.

ಹಿಮ್ಮಾಹಿತಿ ತಡವಾಗಿ ಬರುವುದು ಕೊರತೆಯೆಂದು ದೂರದಿಂದ ಕಲಿಯುವವರು ಕೊರಗುತ್ತಾರೆ. ಇಲ್ಲಿ ವಿಜ್ಞಾನ ಅವರ ಪರವಾಗಿದೆ. 1990ರಲ್ಲಿ ಕ್ಯಾರೊಲಿ ವಿನ್‌ಸ್ಟೀನ್ ಮತ್ತು ರಿಚರ್ಡ್ ಶ್ಮಿಟ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಪ್ರತಿ ಯತ್ನದ ನಂತರವೂ ಫಲಿತಾಂಶ ತಿಳಿದವರಿಗಿಂತ ಅರ್ಧದಷ್ಟು ಯತ್ನಗಳಿಗೆ ಮಾತ್ರ ತಿಳಿದವರು ಆ ಚಲನೆಯನ್ನು ನಂತರದ ಪರೀಕ್ಷೆಯಲ್ಲಿ ಚೆನ್ನಾಗಿ ಉಳಿಸಿಕೊಂಡಿದ್ದರು. ಸದಾ ಕೈಹಿಡಿದು ನಡೆಸುವ ಮಾತು ಊರುಗೋಲಾಗುತ್ತದೆ. ತನ್ನ ತಪ್ಪನ್ನು ತಾನೇ ಗುರುತಿಸುವ ಶಕ್ತಿ ಬೆಳೆಯುವುದಿಲ್ಲ. ವಾರಕ್ಕೊಮ್ಮೆ ಮುದ್ರಣ ಕಳಿಸಿ ಗುರುಗಳ ಉತ್ತರಕ್ಕೆ ಎರಡು ದಿನ ಕಾಯುವ ವಿದ್ಯಾರ್ಥಿ ನಷ್ಟದಲ್ಲಿಲ್ಲ, ಆ ಎರಡು ದಿನ ತನ್ನ ಕಿವಿಯನ್ನು ತಾನೇ ಬಳಸಿದರೆ.

ನೇರ ಆನ್‌ಲೈನ್ ಪಾಠಕ್ಕೆ ಇನ್ನೊಂದು ಮಿತಿಯೂ ಇದೆ, ಅದು ನಿಸರ್ಗದ್ದು. ಇಬ್ಬರು ಒಟ್ಟಿಗೆ ನುಡಿಸುವಾಗ ಒಬ್ಬರ ನಾದ ಇನ್ನೊಬ್ಬರಿಗೆ ಸುಮಾರು 25 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗಿ ಮುಟ್ಟಿದರೆ ಲಯ ಎಳೆಯತೊಡಗುತ್ತದೆ. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿನಲ್ಲಿ ಎಂಟೂವರೆ ಮೀಟರ್ ಸಾಗುತ್ತದೆ, ದೊಡ್ಡ ವೇದಿಕೆಯ ಎರಡು ತುದಿಗಳ ನಡುವಿನಷ್ಟು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನೇರ ದೂರದಲ್ಲಿ ಸುಮಾರು 14,000 ಕಿಲೋಮೀಟರ್. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಆಗಿರುವುದರಿಂದ, ಅಡೆತಡೆಯೇ ಇಲ್ಲದ ನೇರ ತಂತು ಹಾಕಿದರೂ ಒಂದು ಕಡೆಯ ಪಯಣಕ್ಕೆ 70 ಮಿಲಿಸೆಕೆಂಡ್ ಬೇಕು. ಆದ್ದರಿಂದ ಸಾಗರದಾಚೆಯ ಗುರುಗಳೊಂದಿಗೆ ಒಟ್ಟಿಗೆ ನುಡಿಸುವ ಆಸೆಯನ್ನು ಬಿಡುವುದೇ ಲೇಸು, ಯಾವ ದುಬಾರಿ ಇಂಟರ್ನೆಟ್ ಸಂಪರ್ಕವೂ ಅದನ್ನು ಒದಗಿಸಲಾರದು. ಅವರು ನುಡಿಸಿ ಕಳಿಸಿದ ಮುದ್ರಣದೊಂದಿಗೆ ನಾವು ನುಡಿಸಿ, ಅದನ್ನು ಮರಳಿ ಕಳಿಸುವುದು ಸಾಧ್ಯವಾದ ದಾರಿ. ವಿಡಿಯೋ ಕರೆಯ ತಂತ್ರಾಂಶಗಳು ಮಾನವ ಧ್ವನಿಗೆಂದು ಮಾಡಿದವು, ಗಿಟಾರಿನ ದೀರ್ಘ ನಾದವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತವೆ. ಝೂಮ್‌ನಂಥವುಗಳಲ್ಲಿ ‘ಮೂಲ ಧ್ವನಿ’ಯ ಆಯ್ಕೆಯನ್ನು ಒತ್ತಿಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಎರಡು ಮುದ್ರಣಗಳ ನಡುವೆ

ಸಲಹೆ ಸಿಕ್ಕ ಮೇಲೆ ಅದನ್ನು ಕೈಗೆ ಇಳಿಸುವ ಕೆಲಸ ಅಭ್ಯಾಸದ್ದು. ಈ ವಿಷಯದಲ್ಲಿ ಕರ್ನಾಟಕ ಸಂಗೀತ ಕಲಿತವರು ಗಿಟಾರಿಗೆ ಬರುವಾಗ ಒಂದು ಹೆಜ್ಜೆ ಮುಂದಿರುತ್ತಾರೆ. ಪುರಂದರದಾಸರ ಹೆಸರಿನಲ್ಲಿ ಪರಂಪರೆಯಾಗಿ ಬಂದಿರುವ ಮಾಯಾಮಾಳವಗೌಳದ ಸರಳೆ ವರಸೆ, ಜಂಟಿ ವರಸೆಗಳನ್ನು ನೆನೆಯಿರಿ: ಸಣ್ಣ ಪಾಠ, ಒಂದೇ ತಾಳ, ಮೊದಲ ಕಾಲದಲ್ಲಿ ಗಟ್ಟಿಯಾದ ಮೇಲೆ ಎರಡನೆಯ ಕಾಲ, ಆಮೇಲೆ ಮೂರನೆಯದು. ಮೆಟ್ರೋನೋಮ್ ಇಟ್ಟುಕೊಂಡು ನಿಮಿಷಕ್ಕೆ 60 ಬಡಿತದಿಂದ ಆರಂಭಿಸಿ ತಪ್ಪಿಲ್ಲದೆ ಬಂದಾಗಲಷ್ಟೇ ವೇಗ ಏರಿಸುವ ಪಾಶ್ಚಾತ್ಯ ಕ್ರಮವೂ ತಿರುಳಿನಲ್ಲಿ ಇದೇ. ಸುಕುಮಾರ್ ಪ್ರಸಾದ್, ಪ್ರಸನ್ನ ಮೊದಲಾದವರು ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸಿ, ಫ್ರೆಟ್ಟುಗಳಿರುವ ಈ ವಾದ್ಯದಲ್ಲಿಯೂ ತಂತಿಯನ್ನು ಎಳೆದು, ಜಾರಿಸಿ ಗಮಕ ತರಬಹುದೆಂದು ತೋರಿಸಿದ್ದಾರೆ. ಆದರೆ ಎಳೆತದ ಗಮಕ ಬೆರಳಿನ ಮೇಲೆ ಹಾಕುವ ಭಾರ ಹೆಚ್ಚಿನದು; ಆರಂಭದ ವರ್ಷದಲ್ಲಿ ಅದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಒಂದೇ ಪಾಠವನ್ನು ಐವತ್ತು ಸಲ ಸತತವಾಗಿ ನುಡಿಸುವುದಕ್ಕಿಂತ ಮೂರು ಪಾಠಗಳನ್ನು ಅದಲುಬದಲು ಮಾಡಿ ನುಡಿಸುವುದು ಫಲಕಾರಿ ಎಂಬುದು ಅನೇಕರಿಗೆ ವಿಚಿತ್ರವಾಗಿ ತೋರಬಹುದು. ಜಾನ್ ಶೇ ಮತ್ತು ರಾಬಿನ್ ಮಾರ್ಗನ್ 1979ರಲ್ಲಿ ಕೈಚಲನೆಯ ಪಾಠಗಳ ಮೇಲೆ ಇದನ್ನು ಪರೀಕ್ಷಿಸಿದರು. ಅದಲುಬದಲಾಗಿ ಕಲಿತವರು ಅಭ್ಯಾಸದ ಹೊತ್ತಿನಲ್ಲಿ ಹಿಂದುಳಿದಿದ್ದರು, ಕೆಲವು ದಿನಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಅಭ್ಯಾಸದ ಕೊನೆಯ ಹತ್ತು ನಿಮಿಷಗಳಲ್ಲಿ ಕೈ ಸರಾಗವಾಯಿತೆಂದು ಸಂತೋಷಪಟ್ಟು ಆಗಲೇ ಮುದ್ರಿಸಿಕೊಳ್ಳುವುದು ಇದೇ ಕಾರಣಕ್ಕೆ ಮೋಸಗೊಳಿಸುತ್ತದೆ. ಮರುದಿನ ಬೆಳಿಗ್ಗೆ, ಕೈ ಬೆಚ್ಚಗಾದ ಮೇಲಿನ ಮೊದಲ ಯತ್ನವನ್ನು ಮುದ್ರಿಸಿದರೆ ನಿಜವಾಗಿ ಉಳಿದದ್ದು ಎಷ್ಟೆಂದು ತಿಳಿಯುತ್ತದೆ.

ನಿದ್ರೆಯ ಪಾತ್ರವನ್ನೂ ಹೇಳಬೇಕು. ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ, ಎಡಗೈ ಬೆರಳುಗಳಿಂದ ಐದು ಒತ್ತುಗಳ ಒಂದು ಸರಣಿಯನ್ನು ಕಲಿತವರನ್ನು ಅಭ್ಯಸಿಸಿದರು. ರಾತ್ರಿ ನಿದ್ರೆ ಮಾಡಿ ಬಂದವರ ವೇಗ ಹೆಚ್ಚಿನ ಅಭ್ಯಾಸವಿಲ್ಲದೆಯೇ ಸುಮಾರು ಶೇಕಡ 20ರಷ್ಟು ಏರಿತ್ತು. ಅಷ್ಟೇ ಹೊತ್ತು ಎಚ್ಚರವಿದ್ದವರಲ್ಲಿ ಹಾಗಾಗಲಿಲ್ಲ. ಈ ಏರಿಕೆಯಲ್ಲಿ ಎಷ್ಟು ಪಾಲು ನಿದ್ರೆಯದು, ಎಷ್ಟು ಬರಿಯ ದಣಿವು ಆರಿದ್ದರದು ಎಂದು ನಂತರದ ಸಂಶೋಧಕರು ವಾದಿಸಿದ್ದಾರೆ. ವಾದ ಹೇಗೇ ಇತ್ಯರ್ಥವಾಗಲಿ, ದಿನಕ್ಕೆ ಎರಡು ಬಾರಿ ಇಪ್ಪತ್ತು ನಿಮಿಷ ಕೂರುವುದು ಭಾನುವಾರ ಒಮ್ಮೆಲೇ ನಾಲ್ಕು ಗಂಟೆ ಕೂರುವುದಕ್ಕಿಂತ ಮೇಲು. ವಾರವೆಲ್ಲ ಕಚೇರಿಯಲ್ಲಿ ಕೀಬೋರ್ಡ್ ಒತ್ತಿ ವಾರಾಂತ್ಯದಲ್ಲಿ ಗಿಟಾರ್ ಹಿಡಿಯುವ ನಮ್ಮವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ, ಏಕೆಂದರೆ ಎರಡೂ ಕೆಲಸಕ್ಕೆ ದುಡಿಯುವುದು ಅವೇ ಸ್ನಾಯುಗಳು.

ರಾಗ ಮತ್ತು ರೋಗ

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬುದು ನಮ್ಮ ಗಾದೆ. ಗಿಟಾರಿನ ವಿಷಯದಲ್ಲಿ ಇವೆರಡೂ ಒಂದೇ ಕುರ್ಚಿಯ ಮೇಲೆ ನಡೆಯಬಹುದು.

ಬೆರಳುಗಳೊಳಗೆ ಅವುಗಳನ್ನು ಬಗ್ಗಿಸುವ ಸ್ನಾಯುಗಳಿಲ್ಲ. ಗಿಟಾರಿನ ತಂತಿಯನ್ನು ಒತ್ತುವ ಬಲ ಮುಖ್ಯವಾಗಿ ಬರುವುದು ಮುಂಗೈಯಲ್ಲಿರುವ ಸ್ನಾಯುಗಳಿಂದ. ಹಗ್ಗಗಳಂಥ ಸ್ನಾಯುರಜ್ಜುಗಳು ಆ ಬಲವನ್ನು ಬೆರಳಿಗೆ ಮುಟ್ಟಿಸುತ್ತವೆ. ಮಣಿಕಟ್ಟಿನ ಇಕ್ಕಟ್ಟಾದ ಸುರಂಗವೊಂದರಲ್ಲಿ ಇಂಥ ಒಂಬತ್ತು ರಜ್ಜುಗಳೂ ಒಂದು ಮುಖ್ಯ ನರವೂ ಒಟ್ಟಿಗೆ ಸಾಗುತ್ತವೆ. ಗಿಟಾರನ್ನು ತೊಡೆಯ ಮೇಲೆ ತೀರ ಕೆಳಗೆ ಇಟ್ಟು ಎಡ ಮಣಿಕಟ್ಟನ್ನು ಚೂಪಾಗಿ ಬಗ್ಗಿಸಿದರೆ ಆ ಸುರಂಗದೊಳಗಿನ ಒತ್ತಡ ಏರುತ್ತದೆ. ಅದರೊಂದಿಗೆ ಹೆಬ್ಬೆರಳಿನಿಂದ ಕುತ್ತಿಗೆಯನ್ನು ಇಕ್ಕಳದಂತೆ ಹಿಸುಕಿದರೆ ಹಾನಿ ಇಮ್ಮಡಿ. ಕೆಲವು ತಿಂಗಳುಗಳಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ರಾತ್ರಿ ಹೊತ್ತು ಜೋಮು ಕಾಣಿಸಿಕೊಳ್ಳುತ್ತದೆ. ಬೆರಳ ತುದಿಯ ಉರಿ ಬೇರೆ ವಿಷಯ: ಉಕ್ಕಿನ ತಂತಿಗೆ ಚರ್ಮ ಜಡ್ಡುಗಟ್ಟಲು ಕೆಲವು ವಾರ ಬೇಕು, ಅದು ಸಹಜ. ಮಣಿಕಟ್ಟಿನ ಅಥವಾ ಮೊಣಕೈಯ ನೋವು, ಜೋಮು, ಬಲಹೀನತೆ ಸಹಜವಲ್ಲ. ದೃಶ್ಯಮುದ್ರಣದಲ್ಲಿ ಮಣಿಕಟ್ಟೂ ಭುಜಗಳೂ ಕಾಣಲಿ ಎಂದದ್ದು ಇದಕ್ಕೇ. ಅನುಭವಿ ಗುರುಗಳು ಸ್ವರದ ತಪ್ಪಿಗಿಂತ ಮೊದಲು ಏರಿದ ಭುಜವನ್ನು ನೋಡುತ್ತಾರೆ.

ಉಂಗುರಬೆರಳು ಮಾತು ಕೇಳುವುದಿಲ್ಲ ಎಂದು ದೂರುವವರಿಗೆ ಒಂದು ಸಮಾಧಾನ. ಅಂಗೈಯ ಹಿಂಬದಿಯಲ್ಲಿ ಆ ಬೆರಳಿನ ರಜ್ಜು ಅಕ್ಕಪಕ್ಕದವುಗಳೊಂದಿಗೆ ಅಡ್ಡಪಟ್ಟಿಗಳಿಂದ ಬೆಸೆದುಕೊಂಡಿದೆ. ಅಭ್ಯಾಸ ಈ ರಚನೆಯನ್ನು ಬದಲಿಸದು, ಅದರೊಳಗಿನ ಹತೋಟಿಯನ್ನಷ್ಟೇ ಬೆಳೆಸುತ್ತದೆ. ಆ ಹತೋಟಿ ಬೆಳೆಯುವುದು ಮಿದುಳಿನಲ್ಲಿ. ತಂತಿವಾದ್ಯಗಾರರ ಮಿದುಳಿನಲ್ಲಿ ಎಡಗೈ ಬೆರಳುಗಳಿಗೆ ಮೀಸಲಾದ ಪ್ರದೇಶ ಇತರರಿಗಿಂತ ವಿಸ್ತಾರವಾಗಿದೆ ಎಂದು ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಎಳವೆಯಲ್ಲಿ ಆರಂಭಿಸಿದವರಲ್ಲಿ ಅದು ಇನ್ನೂ ಹೆಚ್ಚಾಗಿತ್ತು.

ಮಿದುಳಿನ ಈ ಬಗ್ಗುವ ಗುಣಕ್ಕೇ ಒಂದು ಕರಾಳ ಮುಖವಿದೆ. ಬೆರಳುಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದ ಪ್ರದೇಶಗಳು ಒಂದರೊಳಗೊಂದು ಕಲಸಿಹೋಗಿ, ನುಡಿಸಲು ಕೂತಾಗ ಮಾತ್ರ ಒಂದು ಬೆರಳು ತಾನಾಗಿ ಮುದುಡಿಕೊಳ್ಳುವ ಅಥವಾ ಸೆಟೆದುಕೊಳ್ಳುವ ಸ್ಥಿತಿ ಬರಬಹುದು. ಇದಕ್ಕೆ ಫೋಕಲ್ ಡಿಸ್ಟೋನಿಯಾ ಎಂದು ಹೆಸರು. ವೃತ್ತಿಪರ ಸಂಗೀತಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರನ್ನು ಇದು ಬಾಧಿಸುತ್ತದೆಂಬ ಅಂದಾಜಿದೆ, ಹವ್ಯಾಸಿಗಳಲ್ಲಿ ವಿರಳ. ಶಾಸ್ತ್ರೀಯ ಗಿಟಾರ್ ವಾದಕರಲ್ಲಿ ಹೆಚ್ಚಾಗಿ ತಂತಿ ಮೀಟುವ ಬಲಗೈಯಲ್ಲಿ ಬರುತ್ತದೆ. ಇದರಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಅದೇ ಕೈ ಅನ್ನ ಕಲಸುತ್ತದೆ, ಗುಂಡಿ ಹಾಕುತ್ತದೆ, ಬೀಗ ತೆಗೆಯುತ್ತದೆ. ಆದ್ದರಿಂದ ನೋಡುವವರಿಗೂ ಅನುಭವಿಸುವವರಿಗೂ ಇದು ರೋಗವೆಂದು ಹೊಳೆಯುವುದಿಲ್ಲ. ಅಭ್ಯಾಸ ಸಾಲದು ಎಂದೇ ತೋರುತ್ತದೆ. ‘ಇನ್ನೂ ಹೆಚ್ಚು ಅಭ್ಯಾಸ ಮಾಡಿ’ ಎಂಬುದು ಹಂಚಿಕೊಂಡ ಮುದ್ರಣಗಳಿಗೆ ಬರುವ ಅತ್ಯಂತ ಸಾಮಾನ್ಯ ಸಲಹೆ. ಈ ಒಂದು ಸ್ಥಿತಿಯಲ್ಲಿ ಅದು ತಕ್ಕದ್ದಲ್ಲ ಎಂಬುದಷ್ಟೇ ಅಲ್ಲ, ಹಟ ಹಿಡಿದು ಮತ್ತೆ ಮತ್ತೆ ಅದೇ ಚಲನೆ ಮಾಡಿದಷ್ಟೂ ಕೆಟ್ಟ ನಕ್ಷೆ ಮಿದುಳಿನಲ್ಲಿ ಗಟ್ಟಿಯಾಗುತ್ತದೆ.

ಅಮೆರಿಕದ ಪ್ರಸಿದ್ಧ ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರಿಗೆ 1960ರ ದಶಕದ ನಡುವಿನಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಬಲಗೈಯ ಉಂಗುರಬೆರಳು ಮತ್ತು ಕಿರುಬೆರಳು ಮುದುಡಿಕೊಳ್ಳತೊಡಗಿದವು. ಅವರು ಇನ್ನಷ್ಟು ಸಾಧನೆ ಮಾಡಿದರು, ಕೈ ಇನ್ನಷ್ಟು ಕೆಟ್ಟಿತು. ಮುಂದಿನ ಮೂರು ದಶಕಗಳ ಬಹುಭಾಗ ಅವರು ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸುತ್ತ, ವಾದ್ಯವೃಂದ ನಿರ್ದೇಶಿಸುತ್ತ, ಕಲಿಸುತ್ತ ಕಳೆದರು. ಬಾಟುಲಿನಮ್ ಚುಚ್ಚುಮದ್ದು ಮತ್ತು ಆಳವಾದ ಅಂಗಮರ್ದನದ ನೆರವಿನಿಂದ 1990ರ ದಶಕದಲ್ಲಿ ಎರಡು ಕೈಗಳ ವಾದನಕ್ಕೆ ಮರಳಿದರು; 2004ರಲ್ಲಿ ‘ಟು ಹ್ಯಾಂಡ್ಸ್’ ಎಂಬ ಮುದ್ರಿಕೆ ಹೊರಬಂತು. ಗಿಟಾರ್ ವಾದಕರಲ್ಲಿ ಡೇವಿಡ್ ಲೈಸ್ನರ್ ಅವರ ಉದಾಹರಣೆ ಇದೆ. ಬಲಗೈಯ ಡಿಸ್ಟೋನಿಯಾದಿಂದ ಅವರ ವೃತ್ತಿ ಹಲವು ವರ್ಷ ನಿಂತಿತ್ತು. ಬೆರಳಿನ ಬದಲು ತೋಳು, ಭುಜಗಳ ದೊಡ್ಡ ಸ್ನಾಯುಗಳಿಂದ ಚಲನೆ ಆರಂಭಿಸುವ ಹೊಸ ಕ್ರಮವನ್ನು ಕಂಡುಕೊಂಡು ಅವರು ವೇದಿಕೆಗೆ ಹಿಂದಿರುಗಿದರು. ಎಲ್ಲರಿಗೂ ಹೀಗೆ ಆಗುತ್ತದೆಂದು ಹೇಳಲಾಗದು. ಬೇಗ ಗುರುತಿಸಿದಷ್ಟೂ ಮರುಕಲಿಕೆ ಸುಲಭ.

ಹಾಗಾದರೆ ಸಾಧಾರಣ ತೊಡಕಿಗೂ ಇದಕ್ಕೂ ವ್ಯತ್ಯಾಸ ಹೇಗೆ ತಿಳಿಯಬೇಕು? ಹೊಸ ಪಾಠದಲ್ಲಿ ಬೆರಳು ಎಡವಿದರೆ ಅದು ಕಲಿಕೆ. ಮೊದಲು ಸಲೀಸಾಗಿ ಬರುತ್ತಿದ್ದ ಪಾಠ ವಾರದಿಂದ ವಾರಕ್ಕೆ ಕೆಡುತ್ತಿದ್ದರೆ, ಕೆಡುವುದು ಯಾವಾಗಲೂ ಅದೇ ಬೆರಳಿನಲ್ಲಿ ಆದರೆ, ಎರಡು ವಾರದ ಬಿಡುವಿನ ನಂತರವೂ ಹಾಗೆಯೇ ಇದ್ದರೆ, ನರರೋಗ ತಜ್ಞರನ್ನು ಕಾಣಬೇಕು, ಸಾಧ್ಯವಾದರೆ ಸಂಗೀತಗಾರರನ್ನು ನೋಡಿ ಅನುಭವವಿರುವವರನ್ನು. ಬಹುತೇಕ ದೊಡ್ಡ ನಗರಗಳಲ್ಲಿ ಕುಟುಂಬ ವೈದ್ಯರ ಮೂಲಕ ಅಂಥವರನ್ನು ತಲುಪಬಹುದು. ಹೋಗುವಾಗ ಗಿಟಾರನ್ನು ಜೊತೆಗೆ ಒಯ್ಯಿರಿ, ಏಕೆಂದರೆ ಬರಿಗೈಯ ಪರೀಕ್ಷೆಯಲ್ಲಿ ಈ ರೋಗ ಕಾಣುವುದೇ ಇಲ್ಲ. ಹಳೆಯ ಮುದ್ರಣಗಳನ್ನೂ ಅಳಿಸದೆ, ದಿನಾಂಕದೊಂದಿಗೆ ಇಟ್ಟುಕೊಂಡಿರಿ. ಒಂದೇ ಪಾಠವನ್ನು ಆರು ತಿಂಗಳ ಹಿಂದೆ, ಮೂರು ತಿಂಗಳ ಹಿಂದೆ ಮತ್ತು ಈಗ ನುಡಿಸಿದ ಮೂರು ತುಣುಕುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರೆ, ಬೆರಳು ಎಂದಿನಿಂದ ಮತ್ತು ಯಾವ ಚಲನೆಯಲ್ಲಿ ಮುದುಡತೊಡಗಿತೆಂಬುದು ವೈದ್ಯರಿಗೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.